ಮೂರು ವರ್ಷದ ನಿಯಮ ಮತ್ತು ತೋಟದ ಹಾಕಿ ತಂಡ

2024ರ ಜುಲೈಯಲ್ಲಿ ನಾನು ಮಡಿಕೇರಿಯಲ್ಲಿ, ಕ್ರೀಡೆಗೆ ಸಂಬಂಧಿಸಿದ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹವ್ಯಾಸಿ ಕ್ರೀಡಾ ಸಂಘಗಳು ಸಹಾಯಧನ ಕೇಳಿ ಹಾಕುವ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಟೇಬಲ್‌ನ ಕೆಲಸ. ಹವ್ಯಾಸಿ ಎಂದರೆ ಆಟವನ್ನೇ ಜೀವನೋಪಾಯ ಮಾಡಿಕೊಳ್ಳದವರು: ಬೆಳಿಗ್ಗೆ ಕೆಲಸ ಮಾಡಿ ಸಂಜೆ ಆಡುವವರು. ಅಂಥ ಸಂಘ ನೋಂದಣಿಯಾಗಿರಬೇಕು, ಸದಸ್ಯರ ಪಟ್ಟಿ ಕೊಡಬೇಕು, ಮೂರು ವರ್ಷದ ಹಿನ್ನೆಲೆ ತೋರಿಸಬೇಕು. ಇದಕ್ಕೆಲ್ಲ ನಾನೇ ಹಿಂದೊಮ್ಮೆ ಒಂದು ಪುಟದ ಚೆಕ್‌ಲಿಸ್ಟ್ ಕೈಯಾರೆ ಬರೆದಿಟ್ಟಿದ್ದೆ. ಅರ್ಜಿ ಬಂದರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಟಿಕ್ ಹಾಕುತ್ತಾ ಹೋಗುತ್ತಿದ್ದೆ. ಒಂದು ಅರ್ಜಿಗೆ ಐದು ನಿಮಿಷ ಸಾಕಾಗುತ್ತಿತ್ತು.

ನೆಲ್ಯಹುದಿಕೇರಿ ಹತ್ತಿರದ ಕಾಫಿ ತೋಟವೊಂದರ ಮಹಿಳಾ ಹಾಕಿ ಸಂಘದ ಅರ್ಜಿಗೆ ಐದು ನಿಮಿಷವೂ ಬೇಕಾಗಲಿಲ್ಲ. ನೋಂದಣಿಯಾಗಿ ಎಂಟು ತಿಂಗಳಾಗಿತ್ತು, ಅಷ್ಟೆ. ನನ್ನ ಚೆಕ್‌ಲಿಸ್ಟ್‌ನ ನಾಲ್ಕನೇ ಸಾಲು ‘ನೋಂದಣಿಯಾಗಿ ಮೂರು ವರ್ಷ’ ಎನ್ನುತ್ತಿತ್ತು. ‘ಅರ್ಹವಲ್ಲ’ ಎಂದು ಬರೆದು ಹಿಂಬರಹ ಕಳುಹಿಸಿದೆ.

ಹತ್ತು ದಿನದ ನಂತರ ಆ ಹಿಂಬರಹವನ್ನು ಪ್ಲಾಸ್ಟಿಕ್ ಕವರ್‌ನಲ್ಲಿಟ್ಟುಕೊಂಡು ಇಬ್ಬರು ಹೆಂಗಸರು ಕಚೇರಿಗೆ ಬಂದರು. ಒಬ್ಬಳು ತಂಡದ ನಾಯಕಿ ಸೆಲ್ವಿ, ಮೂವತ್ತೈದರ ಆಸುಪಾಸು, ತೋಟದ ಕಾರ್ಮಿಕರ ಮನೆಗಳ ಲೈನ್‌ನಲ್ಲೇ ಹುಟ್ಟಿ ಬೆಳೆದವಳು. ಇನ್ನೊಬ್ಬಳು ಗೋಲ್‌ಕೀಪರ್ ಜಾನಕಿ. ಮಾತಾಡಿದ್ದೆಲ್ಲ ಸೆಲ್ವಿ. ಜಾನಕಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳ ಎಡಗಾಲಿನ ಮುಂಭಾಗದಲ್ಲಿ ಒಂದು ಉದ್ದನೆಯ ಹೊಲಿಗೆ ಗುರುತು ಕಾಣುತ್ತಿತ್ತು.

“ಬಾಲ್ ಬಿದ್ದಿದ್ದು ಸಾರ್,” ಎಂದಳು ಸೆಲ್ವಿ, ನನ್ನ ಕಣ್ಣು ಎಲ್ಲಿದೆಯೆಂದು ನೋಡಿ. “ಪ್ಯಾಡ್ ಇಲ್ಲ ನಮ್ ಹತ್ರ. ಗೋಣಿಚೀಲ ಮಡ್ಚಿ ಕಾಲಿಗೆ ಕಟ್ಕೊಂಡು ಆಡ್ತಾಳೆ. ಬರೋ ವರ್ಷ ಕೀಪರ್‌ಗೆ ಪೂರಾ ಕಿಟ್ ಇಲ್ದಿದ್ರೆ ಟೂರ್ನಮೆಂಟಿಗೆ ಸೇರ್ಸಲ್ಲ ಅಂತ ಹೇಳಿಬಿಟ್ಟಿದ್ದಾರೆ.”

ನನಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ್ದಕ್ಕೆ ಕಡತ ಮುಂದೆ ಹೋಗುವುದಿಲ್ಲ. ನಿಯಮ ವಿವರಿಸಿದೆ. ಇನ್ನು ಎರಡು-ಎರಡೂವರೆ ವರ್ಷ ಕಾಯಿರಿ, ಆಗ ಖಂಡಿತ ಸಿಗುತ್ತದೆ ಎಂದೆ.

ಸೆಲ್ವಿ ಎದ್ದು ಹೋಗಲಿಲ್ಲ. “ಸಾರ್, ನಾವು ಆಡ್ತಿರೋದು ಮೂರು ವರ್ಷದಿಂದ. ರಿಜಿಸ್ಟ್ರಿ ಮಾಡಿದ್ದು ಈಗ. ರಿಜಿಸ್ಟ್ರಿ ಆಗಿ ಮೂರು ವರ್ಷ ಅಂತ ಆರ್ಡರಲ್ಲಿ ಎಲ್ಲಿ ಬರ್ದಿದೆ, ಒಂದ್ಸಲ ತೋರಿಸ್ತೀರಾ?”

ಅವಳ ದನಿಯಲ್ಲಿ ಜಗಳವಿರಲಿಲ್ಲ. ತೋರಿಸೋಣವೆಂದು ಬೀರುವಿನಿಂದ ಮೂಲ ಆದೇಶದ ಕಡತ ತೆಗೆದೆ. ಬೆರಳಿಟ್ಟು ಓದುತ್ತಾ ಹೋದೆ. ಐದನೇ ಷರತ್ತು ಹೀಗಿತ್ತು: ಸಂಘವು ಅರ್ಜಿಯ ವರ್ಷವೂ ಸೇರಿ ಕನಿಷ್ಠ ಮೂರು ವರ್ಷ ಕ್ರೀಡಾ ಚಟುವಟಿಕೆಯಲ್ಲಿ ತೊಡಗಿರಬೇಕು ಮತ್ತು ಅರ್ಜಿ ಸಲ್ಲಿಸುವ ದಿನಕ್ಕೆ ನೋಂದಣಿಯಾಗಿರಬೇಕು. ಎರಡೂ ಬೇರೆ ಬೇರೆ. ಆ ಎರಡನ್ನು ಒಂದು ಮಾಡಿ ಚೆಕ್‌ಲಿಸ್ಟ್‌ಗೆ ಇಳಿಸಿದವನು ನಾನು. ಇನ್ನೊಮ್ಮೆ ಓದಿದೆ.

“ಇಲ್ಲಮ್ಮ,” ಎಂದೆ. “ಹಾಗೆ ಬರೆದಿಲ್ಲ. ತಪ್ಪು ನನ್ನದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ಕಾರಿ ಕಚೇರಿಯಲ್ಲಿ ಆ ಮಾತನ್ನು ಅವರು ನಿರೀಕ್ಷಿಸಿರಲಿಲ್ಲ.

ಆದರೆ ಅರ್ಧ ದಾರಿ ಮಾತ್ರ ಸವೆದಿತ್ತು. ಮೂರು ವರ್ಷ ಆಡಿದ್ದಕ್ಕೆ, ಆಯಾ ಕಾಲದಲ್ಲೇ ಬರೆದಿಟ್ಟ ದಾಖಲೆ ಬೇಕು ಎಂದೂ ಅದೇ ಷರತ್ತು ಹೇಳುತ್ತಿತ್ತು. ಪ್ರಮಾಣಪತ್ರ ಇದೆಯೇ ಎಂದು ಕೇಳಿದೆ.

“ಮೊದ್ಲೆರಡು ವರ್ಷ ಮೊದ್ಲನೇ ಮ್ಯಾಚಲ್ಲೇ ಸೋತ್ವಿ. ಈ ವರ್ಷ ಎರಡನೇದ್ರಲ್ಲಿ. ಸೋತವರಿಗೆ ಸರ್ಟಿಫಿಕೇಟ್ ಯಾರು ಕೊಡ್ತಾರೆ ಸಾರ್?”

ಮೊಬೈಲ್‌ನಲ್ಲಿ ಫೋಟೊಗಳಿದ್ದವು. ಆದರೆ ಯಾವ ಊರು, ಯಾವ ವರ್ಷ ಎಂಬುದು ಅದರಲ್ಲಿ ಸ್ಪಷ್ಟವಿರಲಿಲ್ಲ. ಟೂರ್ನಮೆಂಟ್ ನಡೆಸಿದವರಿಗೆ ಫೋನ್ ಮಾಡಿದೆ. ಪಂದ್ಯಗಳ ಪಟ್ಟಿ ಮೂರು ವರ್ಷದ್ದೂ ಇದೆ, ಆದರೆ ತಂಡಗಳ ಹೆಸರು ಬಿಟ್ಟರೆ ಆಟಗಾರ್ತಿಯರ ಹೆಸರಿಲ್ಲ ಎಂದರು. ಆ ತಂಡ ಇವರದ್ದೇ ಎಂದು ಹೇಳುವುದು ಹೇಗೆ? ಸ್ಥಳ ಪರಿಶೀಲನೆಗೆ ಬರುತ್ತೇನೆ ಎಂದು ಇಬ್ಬರನ್ನೂ ಕಳುಹಿಸಿದೆ.

ಮುಂದಿನ ವಾರ ತೋಟಕ್ಕೆ ಹೋದೆ. ಕಾಫಿ ಒಣಗಿಸುವ ಸಿಮೆಂಟ್ ಕಣವೇ ಅವರ ಮೈದಾನ. ಮಳೆ ಬಿಟ್ಟಿದ್ದ ಆ ಸಂಜೆ, ಕೆಲಸ ಮುಗಿಸಿ ಬಂದ ಹದಿನಾಲ್ಕು ಮಂದಿ ಅಲ್ಲಿ ಆಡುತ್ತಿದ್ದರು. ತಮಿಳು, ಮಲಯಾಳ, ಕನ್ನಡ ಎಲ್ಲ ಬೆರೆಸಿ ಕೂಗಾಡುತ್ತಿದ್ದರು. ಜಾನಕಿಯ ಕಾಲಿನ ಗೋಣಿ ನೆನೆದು ಭಾರವಾಗಿತ್ತು. ಆದರೂ ನಾನು ನೋಡುವಷ್ಟು ಹೊತ್ತು ಒಂದು ಚೆಂಡೂ ಅವಳನ್ನು ದಾಟಲಿಲ್ಲ.

ತೋಟದ ರೈಟರ್, ಅಂದರೆ ಹಾಜರಿ ಬರೆಯುವವರು, ಮೊಯ್ದು ಎಂಬ ಹಿರಿಯರು. ನಾನು ಬಂದ ಕಾರಣ ಕೇಳಿ ಅವರು ಸ್ವಲ್ಪ ಯೋಚಿಸಿದರು.

“ಸಾರೇ, ಮಸ್ಟರ್ ಆದ್ರೆ ಆಗ್ತದಾ?”

ಮಸ್ಟರ್ ಎಂದರೆ ಹಾಜರಿ ಪುಸ್ತಕ. ಮೂರು ವರ್ಷದ್ದನ್ನೂ ತಂದು ಮೇಜಿನ ಮೇಲಿಟ್ಟರು. 2022ರ ಏಪ್ರಿಲ್ ತೆರೆದರು. ಒಂದೇ ದಿನ ಹದಿಮೂರು ಹೆಸರುಗಳ ಮುಂದೆ, ಗೈರುಹಾಜರಿಯ ಗುರುತಿನ ಜಾಗದಲ್ಲಿ, ನೀಲಿ ಶಾಯಿಯಲ್ಲಿ ‘ಹಾಕಿ’ ಎಂದು ಬರೆದಿತ್ತು. 2023ರಲ್ಲೂ ಹಾಗೇ. 2024ರಲ್ಲಿ ಎರಡು ದಿನ. ಪ್ರತಿ ಪುಟದ ಕೆಳಗೆ ಮ್ಯಾನೇಜರ್ ಅವರ ಸಹಿ.

“ಇದು ಯಾಕೆ ಹೀಗೆ ಬರೆದಿರಿ?” ಎಂದು ಕೇಳಿದೆ.

“ಗೈರು ಅಂತ ಹಾಕಿದ್ರೆ ಸುಮ್ನೆ ಚಕ್ಕರ್ ಹೊಡೆದ ಹಾಗೆ ಕಾಣ್ತದಲ್ಲ ಸಾರೇ. ಸಂಬಳ ಹೇಗೂ ಇಲ್ಲ. ಹೆಸರಾದ್ರೂ ಕೆಡಬಾರ್ದು ಅಂತ.”

ಟೂರ್ನಮೆಂಟ್ ನಡೆಸಿದವರಿಂದ ತರಿಸಿಕೊಂಡಿದ್ದ ಪಂದ್ಯಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ದಿನಾಂಕಗಳು ಒಂದೂ ತಪ್ಪದೆ ಹೊಂದಿದವು. ಬಾಗಿಲಲ್ಲಿ ನಿಂತಿದ್ದ ಸೆಲ್ವಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಸಾಕಮ್ಮ, ಇದು ಸಾಕು,” ಎಂದೆ. ಅವಳು ಕಣದ ಕಡೆ ತಿರುಗಿ ತಮಿಳಿನಲ್ಲಿ ಏನೋ ಕೂಗಿದಳು. ಹದಿಮೂರು ಸ್ಟಿಕ್‌ಗಳು ಮೇಲಕ್ಕೆದ್ದವು.

ಸೆಪ್ಟೆಂಬರ್‌ನಲ್ಲಿ ಆಯ್ಕೆ ಸಮಿತಿಯ ಸಭೆ. ಸಹಿ ಮಾಡಿದ ಮಸ್ಟರ್ ಪ್ರತಿಗಳನ್ನು ಮುಂದಿಟ್ಟು, ನನ್ನ ಚೆಕ್‌ಲಿಸ್ಟ್ ತಪ್ಪನ್ನೂ ಹೇಳಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯ ಅಧಿಕಾರಿ ಅವನ್ನು ಒಪ್ಪಿ ತೋಟದ ಸಂಘಕ್ಕೆ ಸಹಾಯಧನ ಮಂಜೂರು ಮಾಡಿದರು, ಆಮೇಲೆ ಕನ್ನಡಕ ತೆಗೆದು ಕೇಳಿದರು:

“ಇದೇ ಕಾರಣಕ್ಕೆ ನೀವು ವಾಪಸ್ ಕಳಿಸಿದ ಬೇರೆಯವರ ಗತಿ ಏನ್ರೀ?”

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಅದಕ್ಕಾಗಿ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಹಾಗೆ ಬೇರೆ ಯಾರೂ ಇಲ್ಲ ಎಂದಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು, ನನ್ನ ಸೇವಾ ಪುಸ್ತಕವೂ ಸ್ವಚ್ಛವಾಗಿರುತ್ತಿತ್ತು. “ಈ ವರ್ಷ ಏಳು ಸಂಘ ಇವೆ ಸಾರ್. ಪಟ್ಟಿ ತಂದಿದ್ದೇನೆ. ಹಿಂದಿನ ವರ್ಷಗಳದ್ದನ್ನು ನಾನಿನ್ನು ಸರಿಮಾಡಲಾರೆ. ಈ ಏಳಕ್ಕೆ ಮತ್ತೆ ಅವಕಾಶ ಕೊಡಿ,” ಎಂದೆ. ಅವರು ಪಟ್ಟಿಯನ್ನು ಓದಿ ಸಹಿ ಹಾಕಿದರು. ಏಳರಲ್ಲಿ ಐದು ಸಂಘಗಳು ದಾಖಲೆ ತಂದವು. ಮೂರ್ನಾಡಿನ ಕಡೆಯ ಕಬಡ್ಡಿ ತಂಡವೊಂದು ಪಂದ್ಯದ ದಿನ ಜೀಪಿಗೆ ಕೊಟ್ಟ ಬಾಡಿಗೆಯ ಹಳೆಯ ರಸೀದಿಗಳನ್ನು ತಂದಿತು. ಐದೂ ಮಂಜೂರಾದವು.

2025ರ ಏಪ್ರಿಲ್‌ನಲ್ಲಿ ಸೆಲ್ವಿ ಫೋನ್ ಮಾಡಿ ಮ್ಯಾಚ್ ನೋಡಲು ಕರೆದಳು. ರಜೆ ಹಾಕಿ ಹೋದೆ. ಸೆಮಿಫೈನಲ್ ಸಮವಾಗಿ ಮುಗಿದು ಶೂಟೌಟ್‌ಗೆ ಹೋಯಿತು. ಹೊಸ ಪ್ಯಾಡ್, ಹೆಲ್ಮೆಟ್, ಎದೆಕವಚ ತೊಟ್ಟ ಜಾನಕಿಯನ್ನು ನಾನು ಮೊದಲು ಗುರುತಿಸಲೇ ಇಲ್ಲ. ಐದು ಹೊಡೆತಗಳಲ್ಲಿ ಮೂರನ್ನು ತಡೆದಳು. ಕೊನೆಯದನ್ನು ಅದೇ ಎಡಗಾಲಿನಲ್ಲಿ. ತಂಡದವರು ಅವಳನ್ನು ಕಿಟ್ ಸಮೇತ ಎತ್ತಲು ಹೋಗಿ ಎಲ್ಲರೂ ಒಟ್ಟಿಗೆ ಬಿದ್ದರು. ಮೊಯ್ದು ಅವರು ನನ್ನ ಪಕ್ಕದಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಫೈನಲ್‌ನಲ್ಲಿ ಒಂದು ಗೋಲಿನಿಂದ ಸೋತರು. ರನ್ನರ್ ಅಪ್ ಪ್ರಮಾಣಪತ್ರವನ್ನು ಸೆಲ್ವಿ ನನಗೆ ಓದಲು ಕೊಟ್ಟಳು. ಎರಡೆರಡು ಸಲ ಓದಿಸಿದಳು.

ಸಹಾಯಧನ ದುರುಪಯೋಗವಾಗಬಾರದೆಂದು ನಿಯಮಗಳಿವೆ, ಅವು ಬೇಕು. ಮೂವತ್ತು ವರ್ಷ ನಾನು ಅವುಗಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಎಷ್ಟೋ ಸಲ ಕಾಯುತ್ತಿದ್ದದ್ದು ನನ್ನ ಸ್ವಂತ ಕೈಬರಹವನ್ನು. ಕೆಲಸಕ್ಕೆ ಹೊಸದಾಗಿ ಸೇರಿದವರು ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟೇ: ಅರ್ಜಿದಾರರು “ಎಲ್ಲಿ ಬರೆದಿದೆ, ತೋರಿಸಿ” ಎಂದರೆ ಸಿಟ್ಟಾಗಬೇಡಿ. ಎದ್ದು ಹೋಗಿ ಕಡತ ತೆಗೆಯಿರಿ, ಅವರ ಜೊತೆ ಕೂತು ನೀವೂ ಓದಿ.