ಎರಿ ಮಣ್ಣಿನೊಳಗಿನ ಆರ್ಕಿಡ್

ಖರೇ ಹೇಳಿ ಬೈಸಿಕೊಂಡ ಸಿಟ್ಟು ನನಗಿನ್ನೂ ಇಳಿದಿಲ್ಲ. ಹೊಲ ಅಳೆಯಲು ಮುದ್ದೇಬಿಹಾಳಕ್ಕೆ ಹೋದಾಗ, ಗುರುತಿನ ಗೌಡರು ತಮ್ಮ ಆರ್ಕಿಡ್ ಗಿಡ ತೋರಿಸಿದರು. ದಾಂಡೇಲಿಗೆ ಕೊಟ್ಟ ಮಗಳು ಕಳಿಸಿದ್ದು. ಕುಂಡದ ತುಂಬ ಹೊಲದ ಕರಿ ಎರಿ ಮಣ್ಣು; ಎಲೆಗಳು ಹಳದಿಯಾಗಿ ಸುಕ್ಕುಗಟ್ಟಿದ್ದವು.

"ಪಂಚಮಿಗೆ ಮಗಳು ಬರ್ತಾಳ. ಗಿಡ ಸತ್ತರ ಆಕಿಗೆ ಹೆಂಗ ಮಾರಿ ತೋರಸ್ಲಿ?"

"ಗೌಡ್ರ, ಎರಿ ಮಣ್ಣಾಗ ಬೇರು ಕೊಳತಾವ್ರಿ. ಇದು ಮರದ ಮ್ಯಾಲ ಬೆಳಿಯೂದು. ಇದ್ದಲಿ ಹಾಕಿ ಬುಟ್ಟ್ಯಾಗ ತೂಗಬಿಡ್ರಿ."

"ಬಂಗಾರದಂಥಾ ನಮ್ಮ ಎರಿಗೆ ಹೆಸರಿಡತೀಯೇನಲೇ? ಮುದಿ ಎತ್ತಿಗೆ ಹಲ್ಲು ಕಟ್ಟತಾರಂತ ಸುಳ್ಳ ಹೇಳಿ ನನ್ನ ವಿಜಾಪುರಕ್ಕ ಕಳಿಸಿದಾಂವ ನೀನ! ನಡಿ ಹೊರಗ!"

ದಸರೆಗೆ ಹೋದರೆ ಗಿಡ ಇದ್ದಲಿ ತುಂಬಿದ ಬುಟ್ಟಿಯಲ್ಲಿ ತೂಗುತ್ತಿತ್ತು, ಹೊಸ ಎಲೆ ಬಿಟ್ಟಿತ್ತು. ಗೌಡರು ಮೀಸೆ ತಿರುವಿದರು. "ಪಂಚಮಿಗೆ ಬಂದಾಗ ನನ್ನ ಮಗಳು ಮಾಡಿದ್ದು. ನೋಡಿ ಕಲಿ!"

ಇಪ್ಪತ್ತು ವರ್ಷ ಸುಳ್ಳು ಹೇಳಿ ಊರೂರಲ್ಲಿ ಚಹಾ ಕುಡಿದವನಿಗೆ, ಒಂದೇ ಒಂದು ಖರೇ ಮಾತಿಗೆ ನೀರೂ ಸಿಗಲಿಲ್ಲ ನೋಡ್ರಿ.