ನುಸಿಗೂ ಬಾವಲಿಗೂ ನಡುವೆ ಒಂದು ದಿಂಬು

ನಮ್ಮ ಚರ್ಚಿನ ಬೀಗದಕೈ ಥರ್ಜಾ ಬಳಿ ಇರುತ್ತಿತ್ತು. ಇಂಗ್ಲೆಂಡಿನ ನಾರ್ಫಕ್‌ನ ಈ ಜವುಗು ಸೀಮೆಯಲ್ಲಿ, ಪ್ರಾರ್ಥನೆಗೆ ಮಂಡಿಯೂರುವ ದಿಂಬುಗಳ ಮೇಲೆ ಹೆಂಗಸರು ಉಣ್ಣೆದಾರದಲ್ಲಿ ಚಿತ್ರ ಹೊಲಿಯುತ್ತಾರೆ. ಥರ್ಜಾಳ ಮಗಳು ಹೆಸ್ಟರ್ ಹೊಲಿದದ್ದು ಇಲ್ಲಿನ ಗದ್ದೆಗಳ ಟಿಟ್ಟಿಭ ಹಕ್ಕಿ, ಹಸಿರು ಬೆನ್ನು, ನೆಟ್ಟಗಿನ ಜುಟ್ಟು. ಕಾಯಿಲೆಯ ಹಾಸಿಗೆಯಲ್ಲೇ ಕುಳಿತು ಮುಗಿಸಿ, ಆ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಕೈಕೆಲಸವೆಂದು ಉಳಿದದ್ದು ಅದೊಂದೇ. ಅದಕ್ಕೆ ಯಾರ ಮಂಡಿಯೂ ತಾಗಲು ತಾಯಿ ಬಿಡಲಿಲ್ಲ.

ಚರ್ಚಿನ ತೊಲೆಗಳಲ್ಲಿ ಬೂದುಗಂದು ಬಣ್ಣದ ಸಣ್ಣ ಬಾವಲಿಗಳಿದ್ದವು. ಬೇಸಿಗೆ ಬಂತೆಂದರೆ ಬೆಂಚುಗಳ ಮೇಲೆಲ್ಲ ಹಿಕ್ಕೆ, ಉಚ್ಚೆ. ಓಡಿಸುವಂತಿಲ್ಲ, ಕಾನೂನಿದೆ. ಟಿಟ್ಟಿಭದ ರೆಕ್ಕೆಯ ಮೇಲೆ ಹಳದಿ ಕಲೆ ಕಂಡದ್ದೇ ತಡ, ಥರ್ಜಾ ದಿಂಬನ್ನು ಬಟ್ಟೆಯಲ್ಲಿ ಸುತ್ತಿ ಚರ್ಚಿನ ಬೀರುವಿನೊಳಗಿಟ್ಟು ಬೀಗ ಹಾಕಿದಳು.

ಮರುವರ್ಷ ಬಾಗಿಲು ತೆರೆದಾಗ, ಉಣ್ಣೆ ತಿನ್ನುವ, ಒಣಹುಲ್ಲಿನ ಬಣ್ಣದ ರೆಕ್ಕೆಯ ನುಸಿಗಳು ಬೆಳಕಿಗೆ ಹೆದರಿ ಮೂಲೆಗೆ ಓಡಿದವು. ಹಕ್ಕಿಗೆ ಜುಟ್ಟಿರಲಿಲ್ಲ. ಎದೆಯಲ್ಲಿ ಅರ್ಧ ಇರಲಿಲ್ಲ. ಉಣ್ಣೆ ಹೋದ ಕಡೆ ಬರೀ ನೂಲಿನ ಜಾಲರಿ. ಥರ್ಜಾ ದಿಂಬನ್ನು ಮಡಿಲಿಗೆ ಹಾಕಿಕೊಂಡು ನೆಲದ ಮೇಲೆ ಕೂತಳು. ಅವಳ ಬಾಲ್ಯದ ಗೆಳೆಯ, ಗೋರಿ ತೋಡುವ ರೂಬೆನ್, ನನ್ನ ಪಕ್ಕದಲ್ಲೇ ನಿಂತಿದ್ದ.

"ಮೇಲೆ ಅಷ್ಟೊಂದು ಬಾವಲಿ ಸಾಕಿದೀವಲ್ಲೋ ರೂಬೆನ್, ಇವನ್ನ ತಿನ್ನೋಕೆ ಅವಕ್ಕೇನು ರೋಗ?"

"ನುಸಿ ಹೊರಗೆ ಹಾರಿದ್ರೆ ತಾನೇ ಬಾವಲಿ ಹಿಡಿಯೋದು? ನೀನೇ ಬೀಗ ಹಾಕಿ ಕಾವಲು ಕೊಟ್ಟಿದೀಯ."

"ಬಾಯಿ ಮುಚ್ಚು!" ಅವಳು ದಿಂಬನ್ನು ಎದೆಗವಚಿಕೊಂಡಳು. "ಬಾವಲಿ ಕಣ್ಣೆದುರೇ ಹೊಲಸು ಮಾಡುತ್ತೆ, ಒರೆಸಿ ಬೈಬಹುದು. ಇದು ಸದ್ದೇ ಇಲ್ಲದೆ... ಆ ಕಾಯಿಲೆ ನನ್ನ ಮಗಳನ್ನ ತಿಂದ ಹಾಗೇ."

ರೂಬೆನ್ ಟೊಪ್ಪಿ ತೆಗೆದ. ಬೆಂಚುಗಳ ಕಡೆ ಕೈತೋರಿಸಿ ಅಂದ: "ಬೆಂಚಿನ ಹತ್ರ ಇರೋ ದಿಂಬುಗಳಿಗೆ ನುಸಿ ಬಿದ್ದಿಲ್ಲ ಕಣೇ. ವಾರವಾರ ಎತ್ತಿ ಕೊಡವ್ತಾರೆ, ಮಂಡಿ ಊರ್ತಾರೆ. ಅಂಥ ಕಡೆ ಅದು ನಿಲ್ಲಲ್ಲ."

"ಮಂಡಿ ಊರಿದ್ರೆ ಸವೆಯುತ್ತಲ್ಲೋ!"

"ಸವೆಯುತ್ತೆ."

ಒಳಗಿನ ಹುಳು ಸಾಯಲೆಂದು ಅವಳು ದಿಂಬನ್ನು ಮನೆಯ ಫ್ರೀಜರಿನಲ್ಲಿ, ಬಟಾಣಿ ಚೀಲಗಳ ಪಕ್ಕ ಇಟ್ಟಳು. ಹುಳು ಸತ್ತವೆಂದು ನಂಬಿಕೆಯಾಗುವವರೆಗೂ ಆಗಾಗ ಮುಚ್ಚಳ ತೆಗೆದು ಮುಟ್ಟಿ ನೋಡುತ್ತಿದ್ದಳು. ಆಮೇಲೆ ಒಂದು ಭಾನುವಾರ ಅದನ್ನು ತಂದು, ತೊಲೆಗಳ ಕೆಳಗೆ ಎಲ್ಲ ದಿಂಬುಗಳ ಸಾಲಿನಲ್ಲೇ ಇಟ್ಟಳು.

ಹಂದಿ ಸಾಕುವ ಭಾರೀ ಮನುಷ್ಯನೊಬ್ಬ ಬಂದು, ಕೆಸರಿನ ಪ್ಯಾಂಟಿನಲ್ಲೇ ಧೊಪ್ಪೆಂದು ಅದರ ಮೇಲೆ ಮಂಡಿಯೂರಿದ. ಥರ್ಜಾ ನನ್ನ ಮಣಿಕಟ್ಟನ್ನು ನೋಯುವಂತೆ ಹಿಡಿದಳು. ಅವನ ಪ್ರಾರ್ಥನೆ ಮುಗಿಯುವವರೆಗೂ ಹಿಡಿತ ಬಿಡಲಿಲ್ಲ.

ಅವನು ಎದ್ದುಹೋದ ಮೇಲೆ ಹಕ್ಕಿಯ ಮೇಲಿನ ಮಣ್ಣು ಕೊಡವಿದಳು. ಮಣ್ಣಿನ ಜೊತೆ ಒಂದು ಹಸಿರು ಎಳೆಯೂ ಕಿತ್ತುಬಂತು. ಅದನ್ನು ಬೆರಳಿಗೆ ಸುತ್ತಿಕೊಂಡು, ದಿಂಬನ್ನು ಮತ್ತೆ ಅಲ್ಲೇ ಇಟ್ಟಳು.