ಡೀಸೆಲ್ ಎಂಜಿನ್ನಿಗೊಂದು ಸಿಂಬಿ

ನಮ್ಮ ಪಕ್ಕದ ಮನೆಯ ಬದರಿನಾಥರು ಮೂವತ್ತನಾಲ್ಕು ವರ್ಷ ಕೈಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರು ಕೂರಿಸುತ್ತಿದ್ದ ತಿರುಪುಗಳು ಎಷ್ಟು ಚಿಕ್ಕವೆಂದರೆ, ಒಂದು ಕೆಳಗೆ ಬಿದ್ದರೆ ಹುಡುಕಿಸಲು ಇರುವೆಗಳನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರಂತೆ. ಇದನ್ನು ಅವರು ಹೇಳಿದ್ದಲ್ಲ, ನಾನು ಹೇಳುತ್ತಿರುವುದು. ಅವರು ಸುಳ್ಳು ಹೇಳುವವರಲ್ಲ. ಒಂದೇ ಒಂದು ಸಲ ಹೇಳಿದರು, ಅದೂ ಪೂರ್ತಿ ಸುಳ್ಳಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮದುವೆಯಾದ ಹೊಸದರಲ್ಲಿ ಅವರು ಹೆಂಡತಿ ಅಮ್ಮಣ್ಣಿಯವರಿಗೆ ಒಂದು ಮಾತು ಕೊಟ್ಟಿದ್ದರು. ದೇವರಾಯನದುರ್ಗದ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ, ಸೂರ್ಯ ಮುಳುಗುವ ಹೊತ್ತಿಗೆ ನಾನೇ ಕಾಫಿ ಮಾಡಿಕೊಡುತ್ತೇನೆ, ರಾತ್ರಿ ಅಲ್ಲೇ ಇರೋಣ ಎಂದು. ಅಮ್ಮಣ್ಣಿಯವರಿಗೆ ಹೊರಗಿನ ಊಟ ಆಗದು, ಹೊರಗಿನ ಹಾಸಿಗೆಯಂತೂ ಆಗಲೇ ಆಗದು. ತಮ್ಮ ಲೋಟ, ತಮ್ಮ ಚಾಪೆ, ತಮ್ಮ ಒರಳು ಇಲ್ಲದ ಕಡೆ ಅವರು ಒಂದು ರಾತ್ರಿಯೂ ಕಳೆದವರಲ್ಲ. ಹೀಗಾಗಿ ಆ ಮಾತು ನಲವತ್ತೊಂದು ವರ್ಷ ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲೇ ಉಳಿಯಿತು.

ರಿಟೈರಾದ ಮೇಲೆ ಬದರಿನಾಥರಿಗೆ ಉಪಾಯ ಹೊಳೆಯಿತು. ಹೆಂಡತಿ ಮನೆ ಬಿಟ್ಟು ಬರದಿದ್ದರೆ ಮನೆಯನ್ನೇ ಕರೆದುಕೊಂಡು ಹೋದರಾಯಿತು! ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಸುಸ್ತಾಗಿದ್ದ ಒಂದು ಪೆಟ್ರೋಲ್ ವ್ಯಾನು ಕೊಂಡು ತಂದರು. ಒಳಗೆ ಮಡಚುವ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ದೇವರ ಗೂಡು ಎಲ್ಲ ಮಾಡಿದರು. ಎಲ್ಲವೂ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಚಮಚದ ಗೂಡಿನಲ್ಲಿ ಬೇರೆ ಚಮಚ ಇಟ್ಟರೆ ಅದು ಒಪ್ಪದೆ ಹೊರಗೆ ಹಾಕುತ್ತಿತ್ತು.

ಕೊನೆಗೆ ಅಮ್ಮಣ್ಣಿಯವರು ತಮ್ಮ ಒರಳುಕಲ್ಲು ತಂದಿಟ್ಟರು. ಭೂಮಿ ಹುಟ್ಟಿದಾಗ ಉಳಿದ ಸಾಮಾನಿನಲ್ಲಿ ಮಾಡಿದ ಕಲ್ಲು ಅದು. ವ್ಯಾನು ಒಂದು ಗೇಣು ಕೆಳಗಿಳಿಯಿತು.

ದೇವರಾಯನದುರ್ಗಕ್ಕೆ ಹೊರಟ ಮೊದಲ ಪ್ರಯಾಣದಲ್ಲೇ, ಬೆಟ್ಟದ ಅರ್ಧದಲ್ಲಿ, ಒಂದು ಹುಣಸೆಮರದ ಹತ್ತಿರ ಎಂಜಿನ್ನು ನಿಂತಿತು. ಮೊದಲು ಒಂದು ಹಸು ನಮ್ಮನ್ನು ದಾಟಿ ಹೋಯಿತು, ಆಮೇಲೆ ಅದರ ಕರು, ಆಮೇಲೆ ಕೋಲೂರಿಕೊಂಡ ಒಬ್ಬ ಅಜ್ಜಿ. ನಮ್ಮನ್ನು ಅಂದೆನಲ್ಲ, ನಾನೂ ಹಿಂದೆ ಡ್ರಮ್ಮಿನ ಪಕ್ಕ ಕೂತಿದ್ದೆ.

"ಅಮ್ಮಣ್ಣಿ, ಕಲ್ಲು ಇಳಿಸಿದ್ರೆ ಹತ್ತತ್ತೆ ಕಣೆ," ಎಂದರು ಬದರಿನಾಥರು.

"ಕಲ್ಲು ಇಳಿಯಲ್ಲ. ಬೇಕಾದ್ರೆ ನೀವು ಇಳೀರಿ."

ಕೊನೆಗೆ ಆಕೆಯೇ ಇಳಿದು ರಸ್ತೆಯಲ್ಲಿ ನಿಂತರು. ಹತ್ತಲಿಲ್ಲ. ಸೂರ್ಯ ಯಾರಿಗೂ ಕಾಯದೆ ಮುಳುಗಿದ. ಇಳಿಜಾರಿನಲ್ಲೇ ವ್ಯಾನು ತಿರುಗಿಸಿಕೊಂಡು ಬೆಂಗಳೂರಿನ ಜಯನಗರಕ್ಕೆ ವಾಪಸು ಬಂದು ಬಾಗಿಲ ಬೀಗ ತೆಗೆಯುತ್ತ ಅಮ್ಮಣ್ಣಿಯವರು ತೀರ್ಪು ಹೇಳಿದರು: "ನೋಡೀಂದ್ರೆ, ಇನ್ನೊಂದು ಸಲ ಕೂತ್ಕೋತೀನಿ. ಅರ್ಧದಲ್ಲಿ ಮತ್ತೆ ಇಳಿಯೋ ಹಾಗಾದ್ರೆ ವ್ಯಾನು ಗುಜರಿಗೆ. ಕಾಫಿ ವಿಷಯ ಇನ್ನು ನೀವು ಎತ್ತಬಾರದು, ನಾನೂ ಎತ್ತಲ್ಲ."

ಬದರಿನಾಥರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ವ್ಯಾನು ಹೋಗುತ್ತದೆಂದಲ್ಲ. ನಲವತ್ತೊಂದು ವರ್ಷದಲ್ಲಿ ಆಕೆ ಆ ಕಾಫಿಯ ವಿಷಯ ಎತ್ತಿದ್ದೇ ಅದು ಮೊದಲು. ಮರೆತಿಲ್ಲ ಎಂದು ಅವರಿಗೆ ಗೊತ್ತಾದದ್ದೂ ಆವತ್ತೇ.

ಮೂರನೆಯ ದಿನ ನನ್ನನ್ನೂ ಎಳೆದುಕೊಂಡು ಕತ್ರಿಗುಪ್ಪೆಯ ಸಿದ್ದಾರೂಢನ ಗ್ಯಾರೇಜಿಗೆ ಹೋದರು. ಸಿದ್ದಾರೂಢ ಗದಗದ ಕಡೆಯವನು. ಎಂಜಿನ್ನಿನ ಸದ್ದು ಕೇಳಿಯೇ ಅದರ ಜಾತಕ ಬರೆಯುವಂಥ ಮೆಕ್ಯಾನಿಕ್.

"ಸಾರ್, ಇದು ಸಾಲಿ ಹುಡುಗರನ್ನ ಹೊರೂ ಎಂಜಿನ್ ಐತಿ. ನೀವು ಅಡಗಿಮನಿ ಹೊರಸೀರಿ. ಡೀಸೆಲ್ ಎಂಜಿನ್ ಕೂಡ್ರಸೋಣ್ರಿ."

"ಎರಡಕ್ಕೂ ಏನಪ್ಪಾ ವ್ಯತ್ಯಾಸ?"

"ಪೆಟ್ರೋಲಿಗೆ ಕಿಡಿ ಹಚ್ಚಬೇಕ್ರಿ, ಆಗ ಉರೀತೈತಿ. ಡೀಸೆಲ್ಲಿಗೆ ಕಿಡಿ ಬ್ಯಾಡ. ಒತ್ತಿ ಒತ್ತಿ ಹಿಡಿದ್ರ ತಾನಾ ಉರೀತೈತಿ. ಅದರ ಎಳಿಯೂ ತಾಕತ್ತು ಬ್ಯಾರೇನ."

ಬದರಿನಾಥರು ನನ್ನ ಕಡೆ ತಿರುಗಿ, "ಇದು ನಮಗೆ ಹೊಸದೇನಲ್ಲ ಬಿಡಿ, ಮನೇಲೂ ಇದೆ," ಎಂದರು.

ಕಾಗದ ಸರಿಯಾಗದೆ ಒಂದು ಬೋಲ್ಟನ್ನೂ ಬಿಚ್ಚದ ಮನುಷ್ಯ ಅವರು. ಮೊದಲು ಆರ್‌ಟಿಓ ಅನುಮತಿಗೆ ಅರ್ಜಿ ಹಾಕಿ, ಅದು ಬರುವ ತನಕ ಎಂಜಿನ್ನು ಹುಡುಕಿದರು. ವಿಲ್ಸನ್ ಗಾರ್ಡನ್ನಿನ ಪಿಳ್ಳಣ್ಣನ ಬಳಿ, ಸಾಮಾನು ಸಾಗಿಸುವ ಗಾಡಿಯಿಂದ ಇಳಿಸಿದ ಡೀಸೆಲ್ ಎಂಜಿನ್ನು ಗೇರ್ ಬಾಕ್ಸಿನ ಸಮೇತ ಸಿಕ್ಕಿತು. ಬದರಿನಾಥರು ಗಡಿಯಾರದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅದನ್ನು ಎರಡು ಗಂಟೆ ಪರೀಕ್ಷೆ ಮಾಡಿದರು. ಪಿಳ್ಳಣ್ಣ ನನ್ನ ಕಿವಿಯಲ್ಲಿ, "ಸಾರು ಕಣ್ಣಿನ ಡಾಕ್ಟ್ರಾ?" ಎಂದು ಕೇಳಿದ.

ಹಳೆಯ ಎಂಜಿನ್ನು ಇಳಿಯಿತು, ಪೆಟ್ರೋಲ್ ಟ್ಯಾಂಕು ತೊಳೆದು ಒಣಗಿತು, ದೊಡ್ಡ ರೇಡಿಯೇಟರ್ ಬಂತು. ಇನ್ನು ಮುಂದಿನ ಸೀಟುಗಳ ಕೆಳಗೆ ಡೀಸೆಲ್ ಎಂಜಿನ್ನು ಕೂರಿಸುವುದೊಂದೇ ಬಾಕಿ. ಸಿದ್ದಾರೂಢ ಮೂರು ದಪ್ಪ ರಬ್ಬರ್ ತುಂಡು ತಂದಿಟ್ಟು, "ಇವುಗಳ ಮ್ಯಾಲ ಎಂಜಿನ್ ಕೂಡ್ರತೈತ್ರಿ. ತಂಗಿ ಮದುವಿ ಮುಗಿಸಿ ನಾಕು ದಿನಕ್ಕ ಬರ್ತೀನಿ, ಕೈ ಹಚ್ಚಬ್ಯಾಡ್ರಿ," ಎಂದು ಊರಿಗೆ ಹೋದ.

ಬದರಿನಾಥರು ಆ ರಬ್ಬರನ್ನು ಒತ್ತಿ ನೋಡಿದರು. ಅದು ಬಗ್ಗಿತು. ಅವರು ಮುಖ ಕಿವುಚಿದರು. ಕೂದಲೆಳೆಯ ಹತ್ತನೇ ಒಂದು ಭಾಗ ಅಲ್ಲಾಡಿದರೂ ಗಡಿಯಾರವನ್ನು ಪಕ್ಕಕ್ಕೆಸೆಯುತ್ತಿದ್ದ ಕಾರ್ಖಾನೆಯವರು ಅವರು. ಅವರ ಕಣ್ಣಿನಲ್ಲಿ ಬಗ್ಗುವ ವಸ್ತುವಿನ ಮೇಲೆ ಯಂತ್ರ ಕೂರಿಸುವುದು ಬೇಜವಾಬ್ದಾರಿ. ಮೂರು ದಿನ ಕೂತು, ಹಿತ್ತಾಳೆಯ ಮೂರು ಗಟ್ಟಿಗಳನ್ನು ಕನ್ನಡಿಯಂತೆ ಉಜ್ಜಿ ಒಂದೇ ಎತ್ತರಕ್ಕೆ ತಂದರು. ಗ್ಯಾರೇಜಿನವರಿಂದ ಚೈನು ಎಳೆಸಿ ಎಂಜಿನ್ನನ್ನು ಅವುಗಳ ಮೇಲಿಳಿಸಿ ಬಿಗಿದೇಬಿಟ್ಟರು.

ಸಿದ್ದಾರೂಢ ಬಂದು ನೋಡಿ ಬೆರಗಾದ. "ಕೂಡ್ರಿಸೇ ಬಿಟ್ರಿ! ರಬ್ಬರ್ ಹಾಕೀರಿಲ್ರಿ?"

"ಅದಕ್ಕಿಂತ ಒಳ್ಳೇದು ಹಾಕಿದೀನಪ್ಪಾ," ಎಂದರು ಬದರಿನಾಥರು.

ಆಗ ಹೇಳಿದೆನಲ್ಲ, ಆ ಪೂರ್ತಿಯಲ್ಲದ ಸುಳ್ಳು ಇದೇ. ಫಾರಿನ್ ರಬ್ಬರ್ ಇರಬೇಕೆಂದು ಸಿದ್ದಾರೂಢ ಬಗ್ಗಿ ನೋಡಲಿಲ್ಲ.

ಶ್ರೀನಗರದ ಏರಿನಲ್ಲಿ ಪರೀಕ್ಷೆಯೆಂದು ತೀರ್ಮಾನವಾಯಿತು. ಅಮ್ಮಣ್ಣಿಯವರು ಮುಂದೆ ಕೂತರು. ಸಿದ್ದಾರೂಢನನ್ನು ತಜ್ಞನೆಂದು, ನನ್ನನ್ನು ಭಾರಕ್ಕೆಂದು ಹಿಂದೆ, ಒರಳುಕಲ್ಲಿನ ಜೊತೆ ಕೂರಿಸಿದರು. ಎಂಜಿನ್ನು ಶುರುವಾಯಿತು. ಏರನ್ನು ಅದು ಹತ್ತಲಿಲ್ಲ, ನುಂಗಿತು. ಆ ಎಳೆತಕ್ಕೆ ಶ್ರೀನಗರವೇ ಒಂದಡಿ ಹಿಂದಕ್ಕೆ ಸರಿದಿರಬೇಕು.

ಆದರೆ ನಡುಕ! ಎಂಜಿನ್ನಿನ ಒಂದೊಂದು ಗುದ್ದೂ ಹಿತ್ತಾಳೆಯ ಮೂಲಕ ನೇರವಾಗಿ ನಮ್ಮ ಎಲುಬಿಗೆ ಇಳಿಯಿತು. ನನ್ನ ಕಟ್ಟಿಸಿದ ಹಲ್ಲುಗಳು ನನ್ನನ್ನು ಕೇಳದೆ ಮಾತಾಡತೊಡಗಿದವು. ಮಜ್ಜಿಗೆಯ ಪಾತ್ರೆಯಲ್ಲಿ ಬೆಣ್ಣೆ ಬಂದು, ಕರಗಿ, ತುಪ್ಪವಾಗುವುದರಲ್ಲಿತ್ತು. ಲೋಟಗಳು ಸಾಲಾಗಿ ಗೂಡಿನಿಂದ ಹೊರಟು, ಬಾಗಿಲ ತನಕ ನಡೆದು, ಒಂದೊಂದಾಗಿ ರಸ್ತೆಗೆ ಹಾರಿದವು.

"ನಿಲ್ಸೀಂದ್ರೆ," ಎಂದರು ಅಮ್ಮಣ್ಣಿ. "ಇಳೀತೀನಿ."

ಎಂಜಿನ್ನು ಆರಿತು. ಏರಿನ ಅರ್ಧದಲ್ಲಿ ಆಕೆ ಇಳಿದು ಲೋಟ ಆರಿಸತೊಡಗಿದರು. ಬದರಿನಾಥರು ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದರು. ಆ ಮುಖ ನಾನು ಹಿಂದೆ ನೋಡಿದ್ದು ಒಮ್ಮೆಯೇ, ಕಾರ್ಖಾನೆಗೆ ಬೀಗ ಹಾಕಿದ ದಿನ.

ಸಿದ್ದಾರೂಢ ಸೀಟು ಎತ್ತಿ ಟಾರ್ಚ್ ಬಿಟ್ಟ. "ಅಯ್ಯ ಸಾರ್! ರಬ್ಬರ್ ಎಲ್ಲೈತ್ರಿ? ಇದೇನ್ರಿ, ಬಂಗಾರ ಕೂಡ್ರಿಸೀರಿ?"

"ಹಿತ್ತಾಳೆ," ಎಂದರು ಬದರಿನಾಥರು, ನೆಲ ನೋಡುತ್ತ. "ರಬ್ಬರ್ ಬಗ್ಗತ್ತೆ ಅಂತ ನಾನೇ ತೆಗ್ದೆ. ಇವನದೇನೂ ತಪ್ಪಿಲ್ಲ ಅಮ್ಮಣ್ಣಿ. ನಾಳೆ ಗುಜರಿಯವನಿಗೆ ಫೋನ್ ಮಾಡ್ತೀನಿ."

ಅಮ್ಮಣ್ಣಿಯವರು ಲೋಟಗಳನ್ನು ಸೆರಗಿನಲ್ಲಿ ಒರೆಸುತ್ತ ಹತ್ತಿರ ಬಂದು ಬಗ್ಗಿ ನೋಡಿದರು.

"ತುಂಬಿದ ಕೊಡಾನ ಸಿಂಬಿ ಇಲ್ದೆ ಬರೀ ತಲೆ ಮೇಲೆ ಹೊರ್ತಾರೇಂದ್ರೆ? ಬಟ್ಟೆ ಸುತ್ತಿ ಸಿಂಬಿ ಮಾಡಿ ಇಟ್ಕೊಂಡ್ರೆ ಕೊಡವೂ ಕೂರತ್ತೆ, ತಲೆಯೂ ಉಳಿಯತ್ತೆ. ಇಷ್ಟು ದಪ್ಪ ಎಂಜಿನ್ನಿಗೆ ಒಂದು ಸಿಂಬಿ ಬೇಡ್ವಾ?"

"ಅದನ್ನಾ ನಾ ಹೇಳಿದ್ದು ಅಮ್ಮಾರ," ಎಂದ ಸಿದ್ದಾರೂಢ. "ಆ ರಬ್ಬರ್ ಅಂದ್ರ ಸಿಂಬೀನ್ರಿ."

"ಆದ್ರೆ ನೀನು ಅರ್ಧದಲ್ಲಿ ಇಳಿದ್ಯಲ್ಲ," ಎಂದರು ಬದರಿನಾಥರು ಹೆಂಡತಿಗೆ. ಅಂಥ ಹೊತ್ತಿನಲ್ಲೂ ಕರಾರು ಕರಾರೇ.

ಅಮ್ಮಣ್ಣಿಯವರು ಏರನ್ನು ಮೇಲಿಂದ ಕೆಳಗೆ ನೋಡಿದರು. "ಇದು ಬೆಟ್ಟಾನಾ? ಶ್ರೀನಗರ. ತರಕಾರಿಗೆ ಬಂದಾಗಲೂ ಇಲ್ಲಿ ಇಳೀತೀನಿ."

ರಬ್ಬರ್ ಸಿಂಬಿ ಬಂತು. ಆರ್‌ಸಿ ಪುಸ್ತಕದಲ್ಲಿ ಹೊಸ ಎಂಜಿನ್ನಿನ ನಂಬರೂ, ಡೀಸೆಲ್ ಎಂಬ ಮಾತೂ ಸೇರಿದವು. ಡಿಸೆಂಬರಿನ ಒಂದು ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಸಿದ್ದಾರೂಢ ಯಾವುದಕ್ಕೂ ಇರಲಿ ಎಂದು ಬೈಕಿನಲ್ಲಿ ಹಿಂದೆ ಬಂದ. ಎಂಜಿನ್ನಿನ ಬಿಸಿ ಸೀಟಿನ ಕೆಳಗೆ ಹಿತವಾಗಿದ್ದುದರಿಂದ ಅಮ್ಮಣ್ಣಿಯವರು ಮರುದಿನದ ಇಡ್ಲಿ ಹಿಟ್ಟನ್ನು ಕಾಲ ಬಳಿ ಇಟ್ಟುಕೊಂಡಿದ್ದರು. ತುಮಕೂರು ದಾಟುವುದರೊಳಗೆ ಅದು ಉಬ್ಬಿ ಮುಚ್ಚಳ ಎತ್ತಿ ಹೊರಗೆ ಇಣುಕಿತು.

ಹುಣಸೆಮರ ಬಂತು. ಅಮ್ಮಣ್ಣಿಯವರ ಕೈ ಬಾಗಿಲ ಹಿಡಿಯ ಮೇಲಿತ್ತು. ವ್ಯಾನು ಒಮ್ಮೆ ಗುಡುಗಿ, ಗೇರು ಇಳಿಸಿಕೊಂಡು, ಒರಳುಕಲ್ಲು, ಡ್ರಮ್ಮು, ನಾನು ಎಲ್ಲರನ್ನೂ ಹೊತ್ತು ಮರವನ್ನು ದಾಟಿತು. ಆಕೆ ಕೈಯನ್ನು ಹಿಡಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು.

ಬೆಟ್ಟದ ಮೇಲೆ ಒಲೆಯಿಟ್ಟ ನೆಲ ಓರೆ. ಬದರಿನಾಥರು ಜೇಬಿನಿಂದ ಆ ಮೂರು ಹಿತ್ತಾಳೆ ಗಟ್ಟಿಗಳನ್ನು ತೆಗೆದು, ಒಂದರ ಮೇಲೊಂದು ಇಟ್ಟು ಒಲೆಯ ತಗ್ಗಿನ ಕಾಲಿಗೆ ಕೊಟ್ಟರು. ಹಾಲು ಕೂದಲೆಳೆಯಷ್ಟೂ ಒಂದು ಕಡೆಗೆ ವಾಲಲಿಲ್ಲ. ಡಿಕಾಕ್ಷನ್ನನ್ನು ಗಡಿಯಾರಕ್ಕೆ ಎಣ್ಣೆ ಬಿಡುವವರಂತೆ ತೊಟ್ಟು ತೊಟ್ಟಾಗಿ ಬಿಟ್ಟರು. ಅಷ್ಟರಲ್ಲಿ ಸೂರ್ಯ ಮುಳುಗುವುದನ್ನು ಎರಡು ಸಲ ಮುಂದೂಡಿದ್ದನ್ನು ನಾನು ಕಣ್ಣಾರೆ ಕಂಡೆ.

ನನಗೂ ಒಂದು ಲೋಟ ಸಿಕ್ಕಿತು. ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಕಷಾಯಕ್ಕೂ ಅದಕ್ಕೂ ಇದ್ದ ವ್ಯತ್ಯಾಸವೆಂದರೆ, ಕಷಾಯ ಕುಡಿದರೆ ಏನಾದರೂ ಗುಣವಾಗುತ್ತದೆ.

ಅಮ್ಮಣ್ಣಿಯವರು ಕೊನೆಯ ಗುಟುಕಿನವರೆಗೂ ನಿಧಾನವಾಗಿ ಕುಡಿದರು. ಬದರಿನಾಥರು ಡಿಕಾಕ್ಷನ್ನಿನ ಪಾತ್ರೆ ಹಿಡಿದೇ ನಿಂತಿದ್ದರು.

"ಇನ್ನೂ ಇದೆಯೇಂದ್ರೆ?" ಎಂದು ಆಕೆ ಲೋಟ ಮುಂದೆ ಚಾಚಿದರು.

ನಾನು ಸಿದ್ದಾರೂಢನಿಗೆ ಕಣ್ಣುಸನ್ನೆ ಮಾಡಿ, ಅವರಿಬ್ಬರನ್ನೇ ಅಲ್ಲಿ ಬಿಟ್ಟು ಕೆಳಗಿಳಿಯತೊಡಗಿದೆ. ಅವನು ಬೈಕನ್ನು ಶುರುಮಾಡದೆ, ತಳ್ಳಿಕೊಂಡೇ ಮೊದಲ ತಿರುವಿನ ತನಕ ಬಂದ.